ಗೊಂಗ್ ವಾಂಗ್ ಫುಗೆ ಹೊರಡುವ ಮುಂಚೆ ಪಾಸ್‌ಪೋರ್ಟ್ ನಂಬರ್ ನೋಡಿಕೊಳ್ಳಿ

ಹೋದ ತಿಂಗಳು ಬೆಂಗಳೂರಿನಿಂದ ಬೀಜಿಂಗ್‌ಗೆ ಬಂದಿದ್ದ ದಂಪತಿ ಗೊಂಗ್ ವಾಂಗ್ ಫು, ಅಂದರೆ ರಾಜಕುಮಾರ ಗೊಂಗ್‌ನ ಹಳೇ ಅರಮನೆಯ ಬಾಗಿಲಿನಿಂದಲೇ ವಾಪಸ್ ಬಂದರು. ಕೆಲವು ವರ್ಷದ ಹಿಂದೆ ನಾನೂ ಹಾಗೇ ಬಂದಿದ್ದೆ. ಕಾರಣವೂ ಅದೇ.

ಇಲ್ಲಿ ಟಿಕೆಟ್ ಅಂಟಿಕೊಳ್ಳುವುದು ಪಾಸ್‌ಪೋರ್ಟ್ ನಂಬರಿಗೆ. ಚೀನೀಯರು ಗುರುತಿನ ಚೀಟಿ ಯಂತ್ರಕ್ಕಿಟ್ಟು ಒಳಗೆ ಹೋಗುತ್ತಾರೆ. ನಾವು ಪಾಸ್‌ಪೋರ್ಟನ್ನೇ ಕೊಡಬೇಕು. ಜೆರಾಕ್ಸ್, ಫೋನಿನ ಫೋಟೋ ನಂಬಿಕೊಂಡು ಹೋಗಬೇಡಿ. ನನ್ನ ಪಾಸ್‌ಪೋರ್ಟ್ ಆ ವರ್ಷ ರಿನ್ಯೂ ಆಗಿತ್ತು. ಬುಕಿಂಗ್ ಆ್ಯಪ್‌ನಲ್ಲಿ ಮಾತ್ರ ಹಳೇ ನಂಬರೇ ಕೂತಿತ್ತು. ನೋಡದೆ ಒತ್ತಿದೆ. ದುಡ್ಡು ಹೋಯಿತು, ಟಿಕೆಟ್ ಬಂತು, ಎಲ್ಲ ಸರಿಯಿದೆ ಅಂದುಕೊಂಡೆ. ಗೇಟಿನಲ್ಲಿದ್ದ ಹುಡುಗಿ ‘ಮೇಯೌ’ ಅಂದಳು. ಇಲ್ಲ ಅಂತ. ಹೆಸರು ಅದೇ ಅಲ್ವಾ ಅಂದೆ. ಊಹೂಂ. ಹಳೇ ಪಾಸ್‌ಪೋರ್ಟ್ ಮನೆಯ ಬೀರುವಿನಲ್ಲಿತ್ತು. ತಪ್ಪು ನನ್ನದೇ, ಅವಳನ್ನು ಬೈದು ಏನು ಪ್ರಯೋಜನ? ಅಕ್ಟೋಬರ್ ಮೊದಲ ವಾರದ ರಜೆ ಬೇರೆ, ಆ ದಿನಕ್ಕೆ ಇನ್ನೊಂದು ಟಿಕೆಟ್ ಸಿಗಲಿಲ್ಲ.

ಸಪ್ಪೆ ಮುಖ ನೋಡಿ ಒಬ್ಬ ಸೈಕಲ್ ರಿಕ್ಷಾದವನು ಬಂದ. ‘ರಾಜಕುಮಾರನ ಮನೆ ತೋರಿಸ್ತೀನಿ’ ಅಂದ. ತೋರಿಸಿದ್ದು ಯಾರದೋ ತೊಟ್ಟಿಮನೆ. ಹೇಳಿದ ದರ ಗಾಡಿಗಲ್ಲ, ತಲೆಗೆ ಅಂತ ಇಳಿಯುವಾಗ ಗೊತ್ತಾಯಿತು. ನಾವು ನಾಲ್ಕು ಜನ.

ಅಡ್ಡಹೆಸರಿಲ್ಲದ ನಮ್ಮಂಥವರಿಗೆ ಇನ್ನೊಂದು ಮಾತು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯಿದ್ದರೆ ಇನಿಷಿಯಲ್ ಬಿಡಿಸಿ ಊರಿನ ಹೆಸರು ತುಂಬಲು ಹೋಗಬೇಡಿ. ಅಲ್ಲಿ ಹೇಗಿದೆಯೋ ಹಾಗೇ ಬರೆಯಿರಿ.

ಈ ಪದ್ಧತಿ ನನಗೆ ಇವತ್ತಿಗೂ ಕಿರಿಕಿರಿ. ಮೈಸೂರು ಅರಮನೆಯ ಕೌಂಟರ್‌ನಲ್ಲಿ ನಿಂತು ಟಿಕೆಟ್ ಹರಿಸಿಕೊಂಡವನಿಗೆ ಇದು ಅತಿಯಾಯಿತು ಅನಿಸುತ್ತದೆ. ಆದರೆ ಒಂದು ವಿಷಯದಲ್ಲಿ ಇವರೇ ಮೇಲು. ನಾನು ಹೋದಾಗ ಟಿಕೆಟ್ 40 ಯುವಾನ್, ಚೀನೀಯರಿಗೂ ನನಗೂ ಒಂದೇ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನಕ್ಕೆ ನಮಗೆ 40 ರೂಪಾಯಿ, ವಿದೇಶದವರಿಗೆ 600. ಚೀನಾದ ಸಹೋದ್ಯೋಗಿಯನ್ನು ಅಲ್ಲಿಗೆ ಕರೆದೊಯ್ದಾಗ ನಾಚಿಕೆಯಾಯಿತು.

ಎರಡನೇ ಸಲ ಒಳಗೆ ಹೋದೆ. ಮನೆ ಕಟ್ಟಿಸಿದ್ದು ಹೆಷೆನ್, ಚಿಯೆನ್‌ಲುಂಗ್ ಚಕ್ರವರ್ತಿಯ ಮುದ್ದಿನ ಮಂತ್ರಿ, ಲಂಚಕ್ಕೆ ಹೆಸರಾದವನು. 1799ರಲ್ಲಿ ಚಕ್ರವರ್ತಿ ತೀರಿಕೊಂಡ ಕೆಲವೇ ದಿನಗಳಲ್ಲಿ ಮಗ ಇವನ ಆಸ್ತಿ ಮುಟ್ಟುಗೋಲು ಹಾಕಿದ, ನೇಣು ಹಾಕಿಕೋ ಅಂತ ರೇಷ್ಮೆ ಹಗ್ಗ ಕಳಿಸಿ ಸಾಯಿಸಿದ. ಮುಂದೆ 1851ರಲ್ಲಿ ಮನೆ ರಾಜಕುಮಾರ ಗೊಂಗ್‌ಗೆ ಸಿಕ್ಕಿತು. ಈಗ ಉಳಿದಿರುವುದು ಅವನ ಹೆಸರು.

ಮನೆಯ ಅಂಗಳಗಳಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ಹಿಂದಿನ ಉದ್ದನೆಯ ಎರಡಂತಸ್ತಿನ ಕಟ್ಟಡ ದಾಟಿ ಸೀದಾ ತೋಟಕ್ಕೆ ಹೋಗಿ. ಅಲ್ಲಿ ಕಲ್ಲುಗುಡ್ಡದ ಗುಹೆಯಲ್ಲಿ ಕಾಂಗ್‌ಶಿ ಚಕ್ರವರ್ತಿ ಬರೆದ ‘ಫು’ ಅಕ್ಷರದ ಶಿಲೆಯಿದೆ. ‘ಫು’ ಅಂದರೆ ಭಾಗ್ಯ. ಸಾಲು ಉದ್ದ ಇರುತ್ತದೆ, ಮೊದಲು ಅದನ್ನೇ ಮುಗಿಸಿ. ಹೊರಗೆ ಅದೇ ಅಕ್ಷರದ ಪಟ ಮಾರುತ್ತಾರೆ, ಸುಮ್ನೆ ಮುಂದೆ ನಡೆಯಿರಿ.

ಬಾವಲಿಗೂ ಇಲ್ಲಿ ‘ಫು’ ಅಂತಲೇ ಉಚ್ಚಾರ. ಹಾಗಾಗಿ ಬಣ್ಣದ ತೊಲೆಗಳ ಮೇಲೆಲ್ಲ ಬಾವಲಿ, ಕೊಳದ ಆಕಾರವೂ ಬಾವಲಿ. ಅಮ್ಮ ಮೊದಲು ‘ಥೂ, ಅಪಶಕುನ’ ಅಂದರು. ಆಮೇಲೆ ಅವರೇ ಎಣಿಸತೊಡಗಿದರು. ಅರವತ್ತಕ್ಕೆ ಕುತ್ತಿಗೆ ನೋವು ಅಂತ ನಿಲ್ಲಿಸಿದರು.

ಸೋಮವಾರ ರಜೆ. ಮೆಟ್ರೋ ಆರನೇ ಲೈನ್, ಬೇಹಾಯ್ ಉತ್ತರ ನಿಲ್ದಾಣದಲ್ಲಿ ಇಳಿದು ನಡೆದೇ ಹೋಗಿ. ರಿಕ್ಷಾ ಬೇಡ.