ಉಪ್ಪುಗಾಳಿಯ ಊರಿನಲ್ಲಿ ಬೈಕಿನ ಬೋಲ್ಟುಗಳು

ನಮ್ಮ ಮನೆ ಮಲ್ಪೆ ಬಂದರಿನ ಹತ್ತಿರ. ಬೈಕು ಅಂಗಳದಲ್ಲೇ ನಿಲ್ಲುತ್ತದೆ. ತಂದು ಮೂರನೇ ಮಳೆಗಾಲ ಕಳೆದ ಮೇಲೆ ಒಂದು ದಿನ ಲೆಗ್ ಗಾರ್ಡ್ ಬಿಚ್ಚಲು ಕೂತೆ. ಪಾನಾ ಹಾಕಿ ತಿರುಗಿಸಿದರೆ ಬೋಲ್ಟಿನ ತಲೆ ಮಾತ್ರ ಕೈಗೆ ಬಂತು, ದಂಡ ಒಳಗೇ ಉಳಿಯಿತು. ಅದನ್ನು ಡ್ರಿಲ್ ಮಾಡಿ ತೆಗೆಯಲು ಗ್ಯಾರೇಜಿನಲ್ಲಿ ಅರ್ಧ ದಿನ ಹೋಯಿತು. "ಎಂತ ಮಾರಾಯ್ರೆ, ಮೊದಲೇ ಚೂರು ಗ್ರೀಸ್ ಹಾಕಿದ್ರೆ ಆಗ್ತಿತ್ತಲ್ವಾ?" ಎಂದರು ಮೆಕ್ಯಾನಿಕ್.

ಆಮೇಲೆ ಒಂದೊಂದೇ ಬೋಲ್ಟನ್ನು ಹತ್ತಿರದಿಂದ ನೋಡತೊಡಗಿದೆ. ಕೆಲವದರ ಮೇಲೆ ಬಿಳಿ ಪುಡಿ, ಕೆಲವದರ ಮೇಲೆ ಕೆಂಪು ತುಕ್ಕು. ಎರಡೂ ಒಂದೇ ಅಲ್ಲ. ಬೋಲ್ಟಿಗೆ ಜಿಂಕ್, ಅಂದರೆ ಸತುವಿನ, ಲೇಪನ ಇರುತ್ತದೆ. ಕಬ್ಬಿಣದ ಬದಲು ಮೊದಲು ತಾನು ಸವೆದು ಅದನ್ನು ಕಾಯುವುದೇ ಜಿಂಕಿನ ಕೆಲಸ. ಬಿಳಿ ಪುಡಿ ಕಂಡರೆ ಜಿಂಕ್ ಇನ್ನೂ ಸ್ವಲ್ಪ ಉಳಿದಿದೆ ಎಂದರ್ಥ. ಕೆಂಪು ಕಂಡರೆ ಅಲ್ಲಿ ಅದು ಮುಗಿದಿದೆ. ಹಾಗಾಗಿ ಬಿಳಿ ಪುಡಿ ಇದ್ದಲ್ಲಿ ನಾನು ವೈರ್ ಬ್ರಷ್ ಮುಟ್ಟಿಸುವುದಿಲ್ಲ, ಉಳಿದ ಜಿಂಕೂ ಕಿತ್ತು ಹೋಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಕೆಂಪಾದದ್ದನ್ನು ಉಜ್ಜುತ್ತಾ ಕೂರದೆ ಹೊಸದು ಹಾಕುತ್ತೇನೆ.

ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ಹೊರಗೆ ಕಾಣುವ ಸಣ್ಣ ಬೋಲ್ಟುಗಳನ್ನೆಲ್ಲ ಬಿಚ್ಚುತ್ತೇನೆ. ಒಂದು ಬಿಚ್ಚಿ, ಅದನ್ನು ಮುಗಿಸಿ, ಆಮೇಲೆ ಇನ್ನೊಂದು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಥ್ರೆಡ್ಡಿಗೆ, ಅಂದರೆ ಬೋಲ್ಟಿನ ಸುರುಳಿ ಗೆರೆಗಳಿಗೆ, ತೆಳುವಾಗಿ ಗ್ರೀಸ್. ಬೋಟಿನವರು ಬಳಸುವ, ನೀರಿಗೆ ತೊಳೆದು ಹೋಗದ ಗ್ರೀಸ್ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಒಂದು ಎಚ್ಚರ ಬೇಕು: ಗ್ರೀಸ್ ಹಾಕಿದ ಬೋಲ್ಟು ಅದೇ ಬಲಕ್ಕೆ ಜಾಸ್ತಿ ಬಿಗಿಯಾಗುತ್ತದೆ. ಹಳೆಯ ಲೆಕ್ಕದಲ್ಲಿ ಒತ್ತಿ ತಿರುಗಿಸಿದರೆ ಥ್ರೆಡ್ ಹೋಗುತ್ತದೆ.

ಅಲೆನ್ ಬೋಲ್ಟಿನ ತಲೆಯಲ್ಲಿ ಕೀ ಹಾಕಿ ತಿರುಗಿಸಲು ಆರು ಮೂಲೆಯ ಗುಳಿ ಇರುತ್ತದೆ, ಅದನ್ನು ಯಾರೂ ನೋಡುವುದೇ ಇಲ್ಲ. ಮೇಲ್ಮುಖವಾಗಿದ್ದರೆ ಅದು ಪುಟ್ಟ ಬಟ್ಟಲು, ಉಪ್ಪುನೀರು ಅದರಲ್ಲಿ ನಿಂತೇ ಇರುತ್ತದೆ. ಕೆಲವು ಗುಳಿಗಳು ಎಷ್ಟು ಸವೆದಿದ್ದವೆಂದರೆ ಕೀ ಸುಮ್ನೆ ಸುತ್ತುತ್ತಿತ್ತು. ಈಗ ಸೂಜಿಯಿಂದ ಕೆಸರು ಕೆದಕಿ, ಒರೆಸಿ, ಗುಳಿಯ ತುಂಬಾ ಗ್ರೀಸ್ ತುಂಬುತ್ತೇನೆ.

ನಂಬರ್ ಪ್ಲೇಟಿಗೆ, ಕನ್ನಡಿಗೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಬೋಲ್ಟು ಹಾಕಿದೆ. ಆದರೆ ಬ್ರೇಕಿನ ಬೋಲ್ಟುಗಳಿಗೆ ಹಾಕಲಿಲ್ಲ, ನೀವೂ ದಯವಿಟ್ಟು ಹಾಕಬೇಡಿ. ಬೋಲ್ಟಿನ ತಲೆಯ ಮೇಲಿನ ಅಂಕಿ ಅದರ ಗಟ್ಟಿತನದ ಗುರುತು: 8.8 ಎಂದಿರುವ ಬೋಲ್ಟಿನಷ್ಟು ಗಟ್ಟಿ ಎ2-70 ಎಂದಿರುವ ಎಸ್‌ಎಸ್ ಇರುವುದಿಲ್ಲ. ಅಲ್ಲಿ ಕಂಪನಿ ಹೇಳಿದ್ದೇ ಆಗಬೇಕು. ಅಲ್ಯೂಮಿನಿಯಂ ಭಾಗಕ್ಕೆ ಎಸ್‌ಎಸ್ ಹಾಕುವಾಗಲೂ ಒಣ ಥ್ರೆಡ್ ಬೇಡ. ಉಪ್ಪುನೀರು ಸಿಕ್ಕಿದರೆ ಎರಡು ಲೋಹಗಳ ನಡುವೆ ಅಲ್ಯೂಮಿನಿಯಂ ಸವೆದು, ಬೋಲ್ಟು ಕಚ್ಚಿಕೊಳ್ಳುತ್ತದೆ.

ಸಮುದ್ರದ ಅಂಚಿನಲ್ಲೇ ರಸ್ತೆ ಇರುವ ಮರವಂತೆ ಕಡೆ ಹೋಗಿ ಬಂದರೆ, ಮೀನಿನ ಲಾರಿಯ ಹಿಂದೆ ನೀರು ಸಿಡಿಸಿಕೊಂಡು ಬಂದರೆ, ಅವತ್ತೇ ತೊಳೆಯುತ್ತೇನೆ. ಬೇಸಿಗೆಯಲ್ಲಿ ನಮ್ಮ ಬಾವಿನೀರು ಉಪ್ಪಾಗುತ್ತದೆ, ಆಗ ನಲ್ಲಿ ನೀರೇ. ಪ್ಲಾಸ್ಟಿಕ್ ಕವರ್ ಬಿಟ್ಟೆ. ಒಳಗೆ ತೇವ ಕಟ್ಟಿಕೊಂಡು ತುಕ್ಕು ಇನ್ನೂ ಬೇಗ ಬರುತ್ತಿತ್ತು.

ಕಳೆದ ನವೆಂಬರಿನಲ್ಲಿ ಲೆಗ್ ಗಾರ್ಡಿನ ಅದೇ ಜಾಗದ ಹೊಸ ಬೋಲ್ಟಿಗೆ ಪಾನಾ ಹಾಕಿದೆ. ಅರ್ಧ ಸುತ್ತು ಸಡಿಲ ಮಾಡಿದ್ದಷ್ಟೇ, ಉಳಿದದ್ದು ಬೆರಳಲ್ಲೇ ಬಂತು.