ಮೊದಲು ಕೇಳಲು ಕಲಿಯಲಿ: ಆಟಿಸಂ ಮಕ್ಕಳ ಜೊತೆ ನನ್ನ ಕೆಲಸ

ಮಗುವನ್ನು ಮೊದಲ ಸಲ ನನ್ನ ಹತ್ತಿರ ಥೆರಪಿಗೆ ಕರೆತರುವ ಅಪ್ಪ ಅಮ್ಮಂದಿರು ಹೆಚ್ಚಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವಾಗ ಮಾತಾಡ್ತಾನೆ ಮೇಡಂ? ಒಂದನೇ ಕ್ಲಾಸಿಗೆ ಸೇರಿಸೋ ಹೊತ್ತಿಗೆ ಸರಿಹೋಗ್ತಾನಾ? ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದರಿಂದ ಅನೇಕರು ಅಲ್ಲಿ ತಪಾಸಣೆ ಮುಗಿಸಿ, ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂದು ಖಚಿತಪಡಿಸಿಕೊಂಡು, ರಿಪೋರ್ಟ್ ಹಿಡಿದೇ ಬಂದಿರುತ್ತಾರೆ. ರಿಪೋರ್ಟ್ ನೋಡಿ ನಾನು ದಿನಾಂಕ ಹೇಳಲಾರೆ. ಆಟಿಸಂ ಹೋಗಿಬಿಡುತ್ತದೆ ಎಂದೂ ಹೇಳುವುದಿಲ್ಲ, ಅದು ಮಗುವಿನ ಮಿದುಳು ಬೆಳೆದು ಬಂದ ರೀತಿ. ನಮ್ಮ ಮೊದಲ ಗುರಿ ಯಾವುದು ಎಂಬುದನ್ನು ಮಾತ್ರ ಅವತ್ತೇ ಹೇಳಿಬಿಡುತ್ತೇನೆ: ತನಗೆ ಬೇಕಾದ್ದನ್ನು ಕೇಳಲು, ಬೇಡದ್ದನ್ನು ಬೇಡ ಎನ್ನಲು ಮಗುವಿಗೊಂದು ದಾರಿ ಸಿಗಬೇಕು. ಹಠ, ರಚ್ಚೆ, ಕಚ್ಚುವುದು, ತಲೆ ಚಚ್ಚಿಕೊಳ್ಳುವುದು ಇವೆಲ್ಲ ಬಹಳಷ್ಟು ಸಲ ಆ ದಾರಿ ಇಲ್ಲದ್ದರಿಂದಲೇ ಬರುತ್ತವೆ.

ಮೊದಲ ಕೆಲವು ವಾರ ನಾನು ಮಗುವನ್ನು ಟೇಬಲ್ ಮುಂದೆ ಕೂರಿಸುವುದಿಲ್ಲ. ನೆಲದ ಮೇಲೆ ಅದರ ಪಕ್ಕದಲ್ಲಿ ಕೂತು, ಅದಕ್ಕೆ ಇಷ್ಟವಾದ ಆಟವನ್ನೇ ಆಡುತ್ತೇನೆ. ಮನೆಯವರಿಗೆ ಒಂದು ನೋಟ್‌ಬುಕ್ ಕೊಟ್ಟು ಮೂರು ಕಾಲಂ ಗೆರೆ ಹಾಕಿಸುತ್ತೇನೆ. ಹಠ, ರಚ್ಚೆ ಶುರುವಾಗುವ ಮುಂಚೆ ಏನು ನಡೆದಿತ್ತು, ಮಗು ಏನು ಮಾಡಿತು, ಆಮೇಲೆ ಮನೆಯವರು ಏನು ಮಾಡಿದರು. ‘ಸುಮ್‌ಸುಮ್ನೆ ಮಾಡ್ತಾನೆ’ ಎಂದು ಹೇಳಿ ಹೋದ ಮನೆಯವರೇ ಪುಸ್ತಕ ತುಂಬುತ್ತಾ ಬಂದಂತೆ ಆ ಮಾತು ಬಿಡುತ್ತಾರೆ.

ಒಂದು ಮನೆಯ ವಿಷಯ ಹೇಳುತ್ತೇನೆ. ಮಾತು ಬಾರದ, ಶಾಲೆಗೆ ಇನ್ನೂ ಸೇರದ ಹುಡುಗ. ಅಡುಗೆಮನೆ ಬಾಗಿಲಲ್ಲಿ ನಿಂತು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಪುಸ್ತಕ ನೋಡಿದಾಗ ಅದಕ್ಕೆ ಎರಡು ಬೇರೆ ಕಾರಣ ಕಂಡವು. ಬೆಳಿಗ್ಗೆ ಚಟ್ನಿಗೆ ಮಿಕ್ಸಿ ಹಾಕಿದಾಗ ಕಿವಿ ಮುಚ್ಚಿಕೊಂಡು ಚಚ್ಚಿಕೊಳ್ಳುತ್ತಿದ್ದ. ಸಂಜೆ ಹೊತ್ತು ಅವನ ಕಣ್ಣು ಮೇಲಿನ ಶೆಲ್ಫಿನ ಬಿಸ್ಕತ್ತು ಡಬ್ಬಿಯ ಮೇಲಿರುತ್ತಿತ್ತು. ಹಣೆ ಬಡಿದ ಕೂಡಲೇ ಅಜ್ಜಿ ಓಡಿ ಬಂದು, ‘ಅಯ್ಯೋ ಕಂದ’ ಎಂದು ಎತ್ತಿಕೊಂಡು ಬಿಸ್ಕತ್ತು ಕೊಡುತ್ತಿದ್ದರು. ನೋಡುವವರಿಗೆ ಒಂದೇ ವರ್ತನೆ. ಬೆಳಗಿನದು ಸದ್ದು ತಡೆಯಲಾರದ ಸಂಕಟ, ಸಂಜೆಯದು ಬಿಸ್ಕತ್ತು ಕೇಳುವ ರೀತಿ. ಎರಡಕ್ಕೂ ಒಂದೇ ಔಷಧ ಹಾಕಿದ್ದರೆ ಕೆಲಸ ಕೆಡುತ್ತಿತ್ತು.

ಮಿಕ್ಸಿಗೆ ಮಾಡಿದ್ದು ಸರಳ. ಹಾಕುವ ಮುಂಚೆ ಮಿಕ್ಸಿಯ ಫೋಟೋ ತೋರಿಸಿ, ಅಪ್ಪ ಅವನನ್ನು ಹೊರಗೆ ಜಗುಲಿಗೆ ಕರೆದೊಯ್ಯುವುದು. ಸದ್ದಿಗೆ ನರಳುವ ಮಗುವನ್ನು ‘ಅಭ್ಯಾಸ ಆಗಲಿ’ ಎಂದು ಅಲ್ಲೇ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ಬಿಸ್ಕತ್ತಿಗೆ ಚಿತ್ರದ ಕಾರ್ಡ್. ಅಮೆರಿಕದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ 1985ರಲ್ಲಿ ರೂಪಿಸಿದ ಪೆಕ್ಸ್ ಎಂಬ ವಿಧಾನ ಇದು. ಕಷ್ಟದ ವರ್ತನೆಯ ಜಾಗಕ್ಕೆ ಕೇಳುವ ಇನ್ನೊಂದು ರೀತಿಯನ್ನು ಕಲಿಸಿದರೆ ಆ ವರ್ತನೆ ತಗ್ಗುತ್ತದೆ ಎಂದು ಕಾರ್ ಮತ್ತು ಡ್ಯುರಾಂಡ್ ಎಂಬ ಸಂಶೋಧಕರು ತೋರಿಸಿದ್ದೂ ಅದೇ ವರ್ಷ. ನಾವು ಅವನು ತಿನ್ನುವ ಬಿಸ್ಕತ್ತಿನ ಪ್ಯಾಕೆಟ್ಟನ್ನೇ ಮೊಬೈಲಿನಲ್ಲಿ ಫೋಟೋ ತೆಗೆದು ಲ್ಯಾಮಿನೇಟ್ ಮಾಡಿಸಿದೆವು. ಅಮ್ಮ ಎದುರಿಗೆ ಬಿಸ್ಕತ್ತು ಹಿಡಿದು ಕೂತರು, ನಾನು ಅವನ ಹಿಂದೆ. ಅವನು ಬಿಸ್ಕತ್ತಿಗೆ ಕೈ ಚಾಚಿದಾಗ ಆ ಕೈ ಕಾರ್ಡನ್ನು ಎತ್ತಿ ಅಮ್ಮನ ಅಂಗೈಗೆ ಇಡುವಂತೆ ನೆರವಾದೆ. ಕಾರ್ಡ್ ಬಂದ ಕ್ಷಣವೇ ಬಿಸ್ಕತ್ತು. ‘ಬಿಸ್ಕತ್ತು ಅನ್ನು, ಆಮೇಲೆ ಕೊಡ್ತೀನಿ’ ಎನ್ನುವಂತಿಲ್ಲ. ಕಾರ್ಡ್ ಕೊಟ್ಟರೆ ಮಾತೇ ಬಾರದೆ ಹೋಗುತ್ತದೆ ಎಂಬ ಭಯ ಎಲ್ಲ ತಾಯಂದಿರಿಗೂ ಇರುತ್ತದೆ. ಹಾಗಾಗುವುದಿಲ್ಲ. ಕೆಲವು ಮಕ್ಕಳಲ್ಲಿ ಕಾರ್ಡಿನ ಜೊತೆಗೇ ಮಾತೂ ಮೊಳೆಯುತ್ತದೆ.

ಇಲ್ಲಿ ಮನೆಯವರನ್ನು ಮೊದಲೇ ಸಿದ್ಧಗೊಳಿಸಬೇಕು. ಹಣೆ ಚಚ್ಚಿಕೊಂಡರೆ ಬಿಸ್ಕತ್ತು ಬರುವುದು ನಿಂತಾಗ, ಮೊದಲ ಕೆಲವು ದಿನ ಚಚ್ಚಿಕೊಳ್ಳುವುದು ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು. ಹಳೆಯ ದಾರಿ ಇನ್ನೂ ತೆರೆದಿದೆಯಾ ಎಂದು ಮಗು ಪರೀಕ್ಷಿಸುತ್ತದೆ. ‘ಥೆರಪಿಗೆ ಹಾಕಿದ ಮೇಲೆ ಇನ್ನೂ ಹೆಚ್ಚಾಯ್ತು’ ಎಂದು ಹಲವರು ಬಿಟ್ಟುಹೋಗುವುದು ಈ ಹಂತದಲ್ಲೇ. ಪೆಟ್ಟಾಗದಂತೆ ಗೋಡೆಗೆ ದಿಂಬು ಒಡ್ಡಿ, ಗದರದೆ, ಕಾರ್ಡಿನತ್ತ ಕೈ ತಿರುಗಿಸುವುದಷ್ಟೇ ಆಗಿನ ಕೆಲಸ. ಮನೆಯಲ್ಲಿ ಒಬ್ಬರು ಸೋತು ಡಬ್ಬಿ ತೆಗೆದರೂ ಮಗು ಮರುದಿನ ಇನ್ನೂ ಜೋರಾಗಿ ಚಚ್ಚಿಕೊಳ್ಳಲು ಕಲಿಯುತ್ತದೆ. ಅದಕ್ಕೇ ನಾನು ಅಜ್ಜಿಯನ್ನೂ ಸೆಷನ್ನಿಗೆ ಕರೆಯುತ್ತೇನೆ. ‘ಕೊಡಬೇಡಿ ಅಜ್ಜಿ’ ಎಂದರೆ ಅವರು ನೊಂದುಕೊಳ್ಳುತ್ತಾರೆ. ‘ಕಾರ್ಡ್ ಇಸ್ಕೊಳ್ಳೋ ಕೆಲಸ ನಿಮ್ಮದು ಅಜ್ಜಿ’ ಎಂದೆ. ಆ ಮನೆಯಲ್ಲಿ ಅವರಷ್ಟು ನಿಷ್ಠೆಯಿಂದ ಯಾರೂ ಅದನ್ನು ನಡೆಸಲಿಲ್ಲ.

ಅವನಿಗೆ ಕಲಿಸಿದ ಇನ್ನೊಂದು ಕಾರ್ಡ್ ‘ಬೇಡ’. ಆ ಕಾರ್ಡನ್ನು ಅವನು ನನ್ನ ಚಟುವಟಿಕೆಗೂ ಕೊಡುತ್ತಾನೆ, ಕೊಟ್ಟಾಗ ನಾನು ನಿಲ್ಲಿಸುತ್ತೇನೆ. ಮಗುವಿನ ‘ಬೇಡ’ಕ್ಕೆ ಬೆಲೆ ಇಲ್ಲದ ಥೆರಪಿಯಲ್ಲಿ ನನಗೆ ನಂಬಿಕೆಯಿಲ್ಲ.

ಮಕ್ಕಳ ವರ್ತನೆಯ ಮೇಲೆ ಕೆಲಸ ಮಾಡುವ ಈ ಥೆರಪಿಯ ಹಿಂದಿನ ಕಥೆಯನ್ನೂ ಮನೆಯವರು ತಿಳಿದಿರಬೇಕು. ಲಾಸ್ ಏಂಜಲಿಸ್‌ನಲ್ಲಿ ಐವರ್ ಲೋವಾಸ್ ಎಂಬ ಮನೋವಿಜ್ಞಾನಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ 40 ಗಂಟೆಯ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಮಕ್ಕಳ ಮಟ್ಟಕ್ಕೆ ಬಂದರು ಎಂದಿತ್ತು. ‘ಎಷ್ಟು ಹೆಚ್ಚು ಗಂಟೆಯೋ ಅಷ್ಟು ಒಳ್ಳೆಯದು’ ಎಂಬ ನಂಬಿಕೆ ಹಬ್ಬಿದ್ದು ಹೆಚ್ಚಾಗಿ ಅಲ್ಲಿಂದ. ಆ ಕಾಲದ ವಿಧಾನದಲ್ಲಿ ಗದರಿಕೆ, ಏಟು ಕೂಡ ಇದ್ದವು. ಅಂಥ ತರಬೇತಿಯಲ್ಲಿ ಬೆಳೆದ ಆಟಿಸ್ಟಿಕ್ ವಯಸ್ಕರು ಇಂದು ತಮಗಾದ ನೋವನ್ನು ಬಿಚ್ಚಿ ಹೇಳುತ್ತಿದ್ದಾರೆ. ನಾನು ಅವರ ಮಾತನ್ನು ಪೂರ್ತಿ ಗಂಭೀರವಾಗಿ ತೆಗೆದುಕೊಂಡಿದ್ದೇನೆ. ‘ಕೈ ಆಡಿಸೋದು ನಿಲ್ಲಿಸಿಕೊಡಿ, ಮದುವೆ ಮನೆಯಲ್ಲಿ ಎಲ್ಲರೂ ನೋಡ್ತಾರೆ’ ಎಂದು ಕೇಳಿದರೆ ಆಗುವುದಿಲ್ಲ ಎನ್ನುತ್ತೇನೆ. ಕೈ ಆಡಿಸುವುದರಿಂದ ಯಾರಿಗೂ ಪೆಟ್ಟಿಲ್ಲ, ಮಗುವಿಗೆ ಸಮಾಧಾನವಿದೆ. ಗಲ್ಲ ಹಿಡಿದು ‘ನನ್ನ ಕಣ್ಣು ನೋಡು’ ಎನ್ನುವುದನ್ನೂ ನಮ್ಮಲ್ಲಿ ಮಾಡುವುದಿಲ್ಲ.

40 ಗಂಟೆಯ ಫೀಸು ಕೊಡಲು ನಮ್ಮ ಎಷ್ಟು ಮನೆಗಳಿಗೆ ಸಾಧ್ಯ? ವಾರಕ್ಕೆ ಎರಡು ಮೂರು ಸೆಷನ್, ಉಳಿದದ್ದು ಸ್ನಾನ, ಊಟ, ಬಟ್ಟೆ ತೊಡುವ ಹೊತ್ತಿನಲ್ಲಿ ಮನೆಯವರಿಂದಲೇ. ಇದು ಎರಡನೇ ದರ್ಜೆಯ ಏರ್ಪಾಡು ಎಂದು ನನಗೆ ಅನಿಸಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ ‘ಪಾಸ್’ ಎಂಬ ಅಧ್ಯಯನದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ಪೋಷಕರಿಗೆ ತರಬೇತಿ ಕೊಟ್ಟಿದ್ದರು. ಪೋಷಕರು ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸಿತು, ಮಕ್ಕಳೂ ತಾವಾಗಿ ಅವರತ್ತ ಹೆಚ್ಚು ಬರತೊಡಗಿದರು.

ಸೆಂಟರ್ ಆರಿಸುವಾಗ ಥೆರಪಿಸ್ಟಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿ. ಸೆಷನ್ನಿನಲ್ಲಿ ಕೂರಲು ಬಿಡುತ್ತಾರೆಯೇ ಎಂದೂ ಕೇಳಿ. ಬಾಗಿಲು ಹಾಕಿಕೊಂಡು, ‘ನೀವು ಹೊರಗಿರಿ, ಇಲ್ಲದಿದ್ದರೆ ಅಳ್ತಾನೆ’ ಎನ್ನುವ ಕಡೆ ಮಗುವನ್ನು ಬಿಡಬೇಡಿ. ಪೂರ್ತಿ ಗುಣಪಡಿಸುತ್ತೇವೆ ಎಂದು ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆಟಿಸಂಗೆ ಅದನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಸಾಲ ಮಾಡಿ ಅಲ್ಲಿಗೆ ಹೋಗಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಎಂಬ ಗುರುತಿನ ಕಾರ್ಡ್ ಮಾಡಿಸಿ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಿ. ಅದರಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದೆ, ಥೆರಪಿ ಖರ್ಚಿಗೂ ಒಂದು ಪಾಲು ಸಿಗುತ್ತದೆ.

ಕೆಲವು ಮಕ್ಕಳು ವಾಕ್ಯ ಕಟ್ಟಿ ಮಾತಾಡುವ ಹಂತಕ್ಕೆ ಬರುತ್ತಾರೆ, ಕೆಲವರು ಕಾರ್ಡು, ಟ್ಯಾಬ್‌ನಲ್ಲೇ ಮುಂದುವರಿಯುತ್ತಾರೆ. ಹೊಸದು ಕಲಿತದ್ದು ಜ್ವರ ಬಂದಾಗ, ಬೇಸಿಗೆ ರಜೆಯಲ್ಲಿ, ಮನೆ ಬದಲಿಸಿದಾಗ ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಮನೆಯವರ ಕೈ ಪಳಗಿದಂತೆ ನಾನು ಸೆಷನ್ ಕಡಿಮೆ ಮಾಡುತ್ತಾ ಹದಿನೈದು ದಿನಕ್ಕೊಮ್ಮೆಗೆ ತರುತ್ತೇನೆ. ಶಾಲೆಗೆ ಸೇರಿದ ಮೇಲೆ ಕ್ಲಾಸ್ ಟೀಚರಿಗೆ ಕಾರ್ಡುಗಳ ಇನ್ನೊಂದು ಸೆಟ್ಟು, ಯಾವ ಸದ್ದು ಆಗದು, ‘ಬೇಡ’ ಎಂದಾಗ ಏನು ಮಾಡಬೇಕು ಎಂದು ಬರೆದ ಒಂದು ಹಾಳೆ ಕೊಟ್ಟಿರುತ್ತೇನೆ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ದೇಹ ಬದಲಾಗುವಾಗ ಹೊಸ ಪ್ರಶ್ನೆಗಳು ಹುಟ್ಟುತ್ತವೆ. ಆಗ ಮತ್ತೆ ಬನ್ನಿ, ಮೂರು ಕಾಲಮಿನ ನೋಟ್‌ಬುಕ್ಕಿನಿಂದಲೇ ಶುರುಮಾಡೋಣ ಎಂದು ಹೇಳಿ ಕಳಿಸುತ್ತೇನೆ.