ಮಾರುವ ಮನೆಯ ಕೀಲಿಕೈ ಯಾರ ಜೇಬಿನಲ್ಲಿ?

ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ. ಅಪ್ಪ ಕಟ್ಟಿಸಿದ ಮನೆ ಕಲಬುರಗಿಯ ಸೇಡಂ ರಸ್ತೆಯ ಬಡಾವಣೆಯಲ್ಲಿ ಬೀಗ ಹಾಕಿಕೊಂಡು ನಿಂತಿದೆ. ನೋಡಲು ಯಾರಾದರೂ ಬಂದಾಗಲೆಲ್ಲ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದು ಬಾಗಿಲು ತೆಗೆಯಲಾಗುವುದಿಲ್ಲ. ಹಾಗಾಗಿ ಪಕ್ಕದ ಮನೆಯ ಕಾಕು ಬಳಿ ಒಂದು ಕೀಲಿಕೈ, ಏಜೆಂಟರ ಬಳಿ ಒಂದು, ಅವರ ಹುಡುಗನ ಬಳಿ ಇನ್ನೊಂದು. ಕೆಲವು ತಿಂಗಳು ಕಳೆದರೆ ಎಷ್ಟು ಕೀಲಿಕೈ ಎಲ್ಲೆಲ್ಲಿವೆ ಎಂಬುದು ಮಾಲೀಕರಿಗೇ ಗೊತ್ತಿರುವುದಿಲ್ಲ. ಇದಕ್ಕೆಂದು ಈಗ ಕೆಲವರು ಒಳಗೆ ಕೀಲಿಕೈ ಇಟ್ಟು ಮುಚ್ಚುವ, ಅಂಕಿ ಕೂಡಿಸಿದರೆ ತೆರೆಯುವ ಪುಟ್ಟ ಲೋಹದ ಪೆಟ್ಟಿಗೆ, ಅಂದರೆ ಕೀ ಲಾಕ್‌ಬಾಕ್ಸ್ ತರಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ತಂದವರಲ್ಲಿ ಬಹಳಷ್ಟು ಮಂದಿ ಅದನ್ನು ಬೀದಿಗೆ ಕಾಣುವಂತೆ ಗೇಟಿಗೆ ತೂಗುಹಾಕಿ, ಹುಟ್ಟಿದ ವರ್ಷವನ್ನೇ ಅಂಕಿಯಾಗಿಟ್ಟು ನಿಶ್ಚಿಂತರಾಗಿಬಿಡುತ್ತಾರೆ. ಅದಕ್ಕಿಂತ ಕಾಕು ಬಳಿ ಇದ್ದ ಕೀಲಿಕೈಯೇ ವಾಸಿಯಾಗಿತ್ತು.

ಒಂದು, ಪೆಟ್ಟಿಗೆಯ ಆಯ್ಕೆ. ಗುಂಡಿ ಒತ್ತುವ ಬಗೆ ಬೇಡ, ಅಂಕಿಗಾಲಿ ತಿರುಗಿಸುವ ಬಗೆ ತನ್ನಿ. ಗುಂಡಿಯ ಅಗ್ಗದ ಪೆಟ್ಟಿಗೆಗಳಲ್ಲಿ ಅಂಕಿಗಳನ್ನು ಯಾವ ಕ್ರಮದಲ್ಲಿ ಒತ್ತಿದರೂ ಸಾಕು, ತೆರೆಯುತ್ತದೆ. ಒಂದು ಗುಂಡಿಯನ್ನು ಒಮ್ಮೆಯಷ್ಟೇ ಬಳಸಬಹುದು. ಹಾಗಾಗಿ ಹತ್ತು ಗುಂಡಿಗಳಲ್ಲಿ ನಾಲ್ಕನ್ನು ಆರಿಸಿದರೆ ಒಟ್ಟು ಸಾಧ್ಯತೆ ಬರೀ 210. ನಾಲ್ಕು ಗಾಲಿಗಳ ಪೆಟ್ಟಿಗೆಯಲ್ಲಿ ಅದು 10,000. ನಮ್ಮ ಊರಿನ ಧೂಳಿನಲ್ಲಿ ಇನ್ನೊಂದು ತೊಂದರೆಯಿದೆ. ಬೇಸಿಗೆಯಲ್ಲಿ ಒಂದು ವಾರ ಬಿಟ್ಟು ಗುಂಡಿಗಳನ್ನು ನೋಡಿ: ಆರರ ಮೇಲೆ ಮಣ್ಣು ಕೂತಿರುತ್ತದೆ, ನಾಲ್ಕು ಮಾತ್ರ ಬೆರಳು ತಾಗಿ ಹೊಳೆಯುತ್ತಿರುತ್ತವೆ. ಕಳ್ಳನಿಗೆ ಇನ್ನೇನು ಹೇಳಿಕೊಡಬೇಕು? ಗಾಲಿಯ ಪೆಟ್ಟಿಗೆಯಲ್ಲೂ ತೀರಾ ಹಗುರಾದುದನ್ನು ಕೊಳ್ಳಬೇಡಿ. ಚಿಲಕವನ್ನು ಎಳೆದು ಹಿಡಿದು ಗಾಲಿ ತಿರುಗಿಸುತ್ತ ಹೋದರೆ, ಕಳಪೆ ಮಾಲಿನಲ್ಲಿ ಸರಿಯಾದ ಅಂಕಿ ಬಂದಾಗ ಕೈಗೆ ಗೊತ್ತಾಗಿಬಿಡುತ್ತದೆ. ಗಾಲಿಗಳ ಮೇಲೆ ಮುಚ್ಚಳ ಇರಲೇಬೇಕು.

ಎರಡು, ಜಾಗ. ಕಾಂಪೌಂಡಿನ ಒಳಗೆ, ರಸ್ತೆಗೆ ಕಾಣದ ಕಡೆ, ನೆರಳಿರುವ ಗೋಡೆ. ಪಶ್ಚಿಮದ ಗೋಡೆ ಬೇಡ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಆ ಲೋಹವನ್ನು ಮುಟ್ಟಲಾಗುವುದಿಲ್ಲ. ಕೊಂಡಿಯಿಂದ ತೂಗುಹಾಕುವುದಕ್ಕಿಂತ ಗೋಡೆಗೆ ಬಿಗಿಯುವುದೇ ಸರಿ, ಏಕೆಂದರೆ ತಿರುಪುಗಳು ಪೆಟ್ಟಿಗೆಯ ಒಳಗೆ ಬರುತ್ತವೆ, ಮುಚ್ಚಿದಾಗ ಅವನ್ನು ಬಿಚ್ಚಲಾಗದು. ಹಳೆಯ ಮನೆಯ ಗೋಡೆ ಶಹಾಬಾದ್ ಕಲ್ಲಿನದಾದರೆ ಕಲ್ಲಿನ ಅಂಚಿಗೆ ರಂಧ್ರ ಕೊರೆಯಬೇಡಿ. ಅದು ಪದರ ಪದರವಾಗಿರುವ ಸುಣ್ಣಕಲ್ಲು. ಡ್ರಿಲ್ ಯಂತ್ರವನ್ನು ಸುತ್ತಿಗೆಯ ಹೊಡೆತಕ್ಕೆ ಹಾಕಿ ಕೊರೆದರೆ ಹಾಳೆಯಂತೆ ಸೀಳಿಕೊಳ್ಳುತ್ತದೆ. ಬರೀ ತಿರುಗುವ ವೇಗದಲ್ಲಿ, ನಡುನಡುವೆ ನೀರು ಹನಿಸಿ, ನಿಧಾನವಾಗಿ ಕೊರೆಯಲು ಮಿಸ್ತ್ರಿಗೆ ಹೇಳಿ. ಅವರು ಅವಸರ ಮಾಡುತ್ತಾರೆ. ನೀವು ಪಕ್ಕದಲ್ಲೇ ನಿಂತಿರಿ.

ಮೂರು, ಅಂಕಿ ಹಾಕುವುದು. ಜನ ಎಡವುವುದು ಇಲ್ಲಿಯೇ, ಆದ್ದರಿಂದ ಸಾವಕಾಶವಾಗಿ ಓದಿ.

ಹೊಸ ಪೆಟ್ಟಿಗೆ ಸಾಮಾನ್ಯವಾಗಿ 0-0-0-0ಕ್ಕೆ ತೆರೆಯುತ್ತದೆ. ಬಾಗಿಲು ತೆರೆದರೆ ಒಳಗಡೆ ಒಂದು ಸಣ್ಣ ಸನ್ನೆ, ಅಂದರೆ ಲಿವರ್ ಕಾಣುತ್ತದೆ. ಪಕ್ಕದಲ್ಲಿ ಎ, ಬಿ ಎಂದು ಗುರುತಿರಬಹುದು. ಅದನ್ನು ಎಯಿಂದ ಬಿಗೆ ತಳ್ಳಿ, ನಿಮಗೆ ಬೇಕಾದ ನಾಲ್ಕು ಅಂಕಿಗಳನ್ನು ಗಾಲಿಯಲ್ಲಿ ಕೂಡಿಸಿ, ಮರಳಿ ಎಗೆ ತನ್ನಿ. ತಕ್ಷಣ ಬಾಗಿಲು ಮುಚ್ಚಬೇಡಿ. ಮೊದಲು, ಬಾಗಿಲು ತೆರೆದಿರುವಾಗಲೇ, ಗಾಲಿಗಳನ್ನು ಕಲೆಸಿ ಚಿಲಕ ಅಲುಗುತ್ತದೆಯೇ ನೋಡಿ, ಅಲುಗಬಾರದು. ಮತ್ತೆ ನಿಮ್ಮ ಅಂಕಿ ಕೂಡಿಸಿ, ಅಲುಗಬೇಕು. ಇದನ್ನು ಮೂರು ಸಲ ಮಾಡಿ. ಆಮೇಲೆ ಗಾಲಿಗಳ ಪಕ್ಕದ ಗೆರೆಗೆ ಅಂಕಿಗಳು ನೇರವಾಗಿವೆಯೇ ಎಂಬುದನ್ನೂ ನೋಡಿಕೊಂಡು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಗೆರೆಯ ಮೇಲೊಂದು, ಕೆಳಗೊಂದು ಅಂಕಿ ಕಂಡು ‘ತೆರೆಯುತ್ತಿಲ್ಲ’ ಎಂದು ಮನೆ ಬಾಗಿಲಲ್ಲಿ ನಿಂತು ಫೋನ್ ಮಾಡುವವರೇ ಹೆಚ್ಚು.

ಇನ್ನೊಂದು ಅಪಾಯ ಹಲವರಿಗೆ ಹೊಳೆಯುವುದೇ ಇಲ್ಲ. ದಪ್ಪ ಕೀಲಿಗೊಂಚಲನ್ನು ಒಳಗೆ ತುರುಕುವಾಗ ಅದು ತಾಗಿ ಆ ಸನ್ನೆ ಬಿ ಕಡೆಗೆ ಜರುಗಬಹುದು. ಆಗ ಗಾಲಿಯನ್ನು ತಿರುಗಿಸಿದರೆ, ಹೊಸ ಅಂಕಿ ತಾನಾಗಿಯೇ ಕೂತುಬಿಡಬಹುದು, ಅದು ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಬಳೆ, ಬಿಲ್ಲೆ, ದೇವರ ಪದಕ ಏನೂ ಇಲ್ಲದೆ ಬರೀ ಕೀಲಿಕೈ ಇಡಿ. ಮನೆ ನಂಬರಿನ ಚೀಟಿಯಂತೂ ಬೇಡವೇ ಬೇಡ.

ಯಾವ ಅಂಕಿ? ಹುಟ್ಟಿದ ವರ್ಷ, ಗಾಡಿಯ ನಂಬರು, ಮನೆ ನಂಬರು, 1234, 0786, 1008 ಇವೆಲ್ಲ ಬೇಡ. ಮೊಬೈಲಿನ ಕೊನೆಯ ನಾಲ್ಕಂಕಿಯೂ ಬೇಡ. ‘ಮನೆ ಮಾರಾಟಕ್ಕಿದೆ’ ಫಲಕದ ಮೇಲೆ ಅದನ್ನು ನೀವೇ ಬರೆಸಿದ್ದೀರಿ. ಮುಚ್ಚಿದ ಮೇಲೆ ನಾಲ್ಕೂ ಗಾಲಿಗಳನ್ನು ಹೆಬ್ಬೆರಳಿನಿಂದ ಸವರಿ ಕಲೆಸಿ. ಸೋಮಾರಿಗಳು ಕೊನೆಯ ಗಾಲಿಯನ್ನಷ್ಟೇ ಒಂದು ಮೆಟ್ಟಿಲು ಸರಿಸಿ ಹೋಗುತ್ತಾರೆ. ಮೊದಲ ಮೂರು ಅಂಕಿ ಹಾಗೆಯೇ ಕಣ್ಣಮುಂದೆ ಇರುತ್ತವೆ, ಉಳಿದದ್ದು ಹೆಚ್ಚೆಂದರೆ ಒಂಬತ್ತು ಪ್ರಯತ್ನ.

ನಾಲ್ಕು, ಒಳಗಿಡುವ ಕೀಲಿಕೈ. ಮುಂಬಾಗಿಲಿನದು, ಬೇಕಿದ್ದರೆ ಗೇಟಿನದು. ಅಲಮಾರಿಯದು, ಹಿಂಬಾಗಿಲಿನದು, ಮಾಳಿಗೆಯದು ಬೇಡ. ಪೆಟ್ಟಿಗೆಯಿಂದ ಹತ್ತು ನಿಮಿಷ ಹೊರಬಂದ ಕೀಲಿಕೈಗೆ ನಕಲು ಮಾಡಿಸುವುದು ಕಷ್ಟವಲ್ಲ. ಹಾಗಾಗಿ ಮಾರಾಟದ ಅವಧಿಗೆಂದೇ ಬೇರೆ ಬೀಗವೊಂದನ್ನು ಬಾಗಿಲಿಗೆ ಹಾಕಿ ಎಂಬುದು ನನ್ನ ಹಟ. ಬೆಲೆಬಾಳುವ ಸಾಮಾನನ್ನು ಮೊದಲೇ ಸಾಗಿಸಿ. ಕಳವಿನ ವಿಮೆ ಇದ್ದರೆ ಪಾಲಿಸಿಯನ್ನೂ ಓದಿ: ಬಲವಂತವಾಗಿ ಒಳನುಗ್ಗಿದ ಗುರುತಿದ್ದರೆ ಮಾತ್ರ ಪರಿಹಾರ ಎಂಬ ಷರತ್ತು ಸಾಮಾನ್ಯ. ಕೀಲಿಕೈ ಹಾಕಿ ತೆಗೆದ ಬಾಗಿಲಿನಲ್ಲಿ ಆ ಗುರುತು ಎಲ್ಲಿರುತ್ತದೆ?

ಬಾಡಿಗೆದಾರರು ಇರುವ ಮನೆಗೆ ಈ ಪೆಟ್ಟಿಗೆ ಹಾಕಲೇಬಾರದು. ಅವರಿಗೆ ಫೋನ್ ಮಾಡಿ, ಅವರು ಹೇಳಿದ ಹೊತ್ತಿಗೆ ಹೋಗಿ.

ಐದು, ಅಂಕಿ ಹಂಚುವುದು. ಅಮೆರಿಕದಲ್ಲಿ ಏಜೆಂಟರು ಬಳಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಯಾರು, ಯಾವಾಗ ತೆರೆದರೆಂದು ದಾಖಲಿಸಿಕೊಳ್ಳುತ್ತವೆ. ನಮ್ಮ ಗಾಲಿಯ ಪೆಟ್ಟಿಗೆಗೆ ನೆನಪಿಲ್ಲ. ಆ ಕೆಲಸ ನಿಮ್ಮದು. ಅಂಕಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ಕೊಳ್ಳಲು ಬಂದವರಿಗೆ ನೇರವಾಗಿ ಕೊಡಬೇಡಿ. ಒಬ್ಬ ಏಜೆಂಟರಿಗೆ, ಅವರು ಮನೆ ಮುಂದೆ ಬಂದು ನಿಂತ ಮೇಲೆ, ಫೋನಿನಲ್ಲಿ ಹೇಳಿ. ‘ಸರ್, ಮೊದಲೇ ಕಳಿಸಿಬಿಡಿ, ನೆಟ್‌ವರ್ಕ್ ಇರುವುದಿಲ್ಲ’ ಎಂಬ ಮಾತಿಗೆ ಕರಗಬೇಡಿ. ಹೊರಡುವಾಗ ಕೀಲಿಕೈ ಒಳಗಿಟ್ಟು, ಗಾಲಿ ಕಲೆಸಿದ್ದನ್ನು ವಿಡಿಯೊ ಕರೆಯಲ್ಲಿ ತೋರಿಸಲಿ. ಊರಿನಲ್ಲಿರುವ ನಿಮ್ಮವರೊಬ್ಬರು ವಾರಕ್ಕೊಮ್ಮೆ ಹೋಗಿ ಅಂಕಿ ಬದಲಿಸಲಿ. ಎರಡು ನಿಮಿಷದ ಕೆಲಸ. ಏಜೆಂಟರನ್ನು ಬದಲಿಸಿದರೆ ಅದೇ ದಿನ ಬದಲಿಸಿ.

ಗಾಲಿ ಬಿಗಿಯಾದರೆ ಎಣ್ಣೆ ಬಿಡಬೇಡಿ, ಧೂಳು ಅಂಟಿ ಇನ್ನಷ್ಟು ಬಿಗಿಯುತ್ತದೆ. ಪೆನ್ಸಿಲಿನ ಸೀಸದ ಪುಡಿ ಸಾಕು.

ಕೊನೆಗೆ, ಮುಂಗಡ ಕೈಗೆ ಬಂದ ಮೇಲೆ. ಕೊಳ್ಳುವವರ ಕಡೆಯ ವಾಸ್ತುವಿನವರು, ಪೇಂಟಿನವರು, ಸೋದರಮಾವ ಎಲ್ಲರೂ ಒಳಗೆ ಹೋಗಲು ಕೇಳುತ್ತಾರೆ. ನೋಡಲು ಕರೆದೊಯ್ಯಿರಿ, ಅಂಕಿ ಮಾತ್ರ ಕೊಡಬೇಡಿ. ನೋಂದಣಿಗೆ ಮುಂಚೆ ಬಣ್ಣ ಬಳಿಯುವುದಕ್ಕೂ ಒಪ್ಪಬೇಡಿ. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಸಹಿ ಆದ ದಿನ ಮನೆಯ ಹಳೆಯ ಬೀಗ, ಅದರ ಎಲ್ಲ ಕೀಲಿಕೈಗಳನ್ನು ಎಣಿಸಿ ಒಪ್ಪಿಸಿ, ಪೆಟ್ಟಿಗೆಯನ್ನು ಬಿಚ್ಚಿಕೊಂಡು ಬನ್ನಿ. ರಂಧ್ರಗಳಿಗೆ ಬಿಳಿ ಸಿಮೆಂಟ್ ತುಂಬುವ ಖರ್ಚು ನಿಮ್ಮದೇ.